ಗುಂಡಿ ಕೆಟ್ಟಿತೆಂದು ಯಂತ್ರವನ್ನೇ ಗುಂಡಿಗೆ ಹಾಕಬೇಕೆ?

ಮಲೆನಾಡಿನ ಮನೆಗಳಲ್ಲಿ ಕತ್ತಿಯ ಹಿಡಿ ಮುರಿದರೆ ಕತ್ತಿಯನ್ನು ಎಸೆಯುವ ರೂಢಿಯಿಲ್ಲ. ಹೊಸ ಹಿಡಿ ಕೂರಿಸುತ್ತಾರೆ. ಬಾಯಿ ಮೊಂಡಾದರೆ ಕುಲುಮೆಗೆ ಒಯ್ಯುತ್ತಾರೆ. ಅದೇ ಮನೆಯ ಲ್ಯಾಪ್‌ಟಾಪಿನ ಪವರ್ ಗುಂಡಿ ಕೆಟ್ಟಾಗ ಮಾತ್ರ ಬೇರೆಯೇ ನ್ಯಾಯ. ಪರದೆ ಸರಿಯಿದೆ, ಬ್ಯಾಟರಿ ಸರಿಯಿದೆ, ತೋಟದ ಲೆಕ್ಕ ಮತ್ತು ಮಕ್ಕಳ ಪಾಠಗಳೆಲ್ಲ ಒಳಗೆ ಭದ್ರವಾಗಿವೆ. ಬೆರಳತುದಿಯಷ್ಟು ಗುಂಡಿಯೊಂದು ಒತ್ತಿದರೆ ಓಗೊಡುವುದಿಲ್ಲ, ಅಷ್ಟೆ. ಪೇಟೆಯ ಮಳಿಗೆಗಳಲ್ಲಿ ಬಹಳ ಸಲ ಸಿಗುವ ಉತ್ತರ: "ಇದಕ್ಕೆ ಖರ್ಚು ಮಾಡುವ ಬದಲು ಹೊಸದನ್ನೇ ಕೊಳ್ಳಿ." ಶೀತವಾಯಿತೆಂದು ಮೂಗನ್ನೇ ಕೊಯ್ದುಕೊಳ್ಳುವ ಈ ಸಲಹೆಯನ್ನು ಪ್ರಗತಿಯೆಂದು ಜನರಿಗೆ ನಂಬಿಸಲಾಗಿದೆ.

ಆ ಗುಂಡಿ ಮನೆಯ ದೀಪದ ಸ್ವಿಚ್ಚಿನಂತೆ ವಿದ್ಯುತ್ ಪ್ರವಾಹವನ್ನು ಹೊರುವ ಸಾಧನವಲ್ಲ. ಒತ್ತಿದ ಕ್ಷಣ ಎರಡು ಲೋಹದ ತುದಿಗಳನ್ನು ಕೂಡಿಸಿ, ಮುಖ್ಯ ಫಲಕದ ನಿಯಂತ್ರಕಕ್ಕೆ "ಎದ್ದೇಳು" ಎಂಬ ಸಂಜ್ಞೆ ಕಳುಹಿಸುವುದಷ್ಟೇ ಅದರ ಕೆಲಸ. ಮಳೆಗಾಲದ ತೇವಕ್ಕೆ ಆ ತುದಿಗಳು ಕಿಲುಬು ಹಿಡಿಯಬಹುದು, ಧೂಳು ಸೇರಬಹುದು, ಪಟ್ಟಿಯಂಥ ತೆಳು ಕೇಬಲ್ ಸಡಿಲಗೊಂಡಿರಬಹುದು, ಇಲ್ಲವೇ ಮೇಲಿನ ಪ್ಲಾಸ್ಟಿಕ್ ಮುರಿದಿರಬಹುದು. ಬಲ್ಲವರು ಚಾರ್ಜರ್ ಕಳಚಿ, ಹಿಂಬದಿ ತೆರೆದು, ಮೊದಲು ಬ್ಯಾಟರಿಯ ಸಂಪರ್ಕ ತಪ್ಪಿಸುತ್ತಾರೆ. ಬಳಿಕ ಕೇಬಲನ್ನು ಮರಳಿ ಕೂರಿಸಿಯೋ, ಐಸೋಪ್ರೊಪೈಲ್ ಆಲ್ಕೋಹಾಲಿನಿಂದ ತೊಳೆದೋ, ಹೊಸ ಸ್ವಿಚ್ಚನ್ನು ಬೆಸೆದೋ ಯಂತ್ರವನ್ನು ಎಬ್ಬಿಸುತ್ತಾರೆ. ಗುಂಡಿ ಪೂರ್ತಿ ಸಾಯುವ ಮುನ್ನ ಎಚ್ಚರವಾದವರಿಗೆ ಇನ್ನೊಂದು ದಾರಿಯೂ ಉಂಟು. ಚಾರ್ಜರ್ ಚುಚ್ಚಿದೊಡನೆ ಅಥವಾ ಮುಚ್ಚಳ ತೆರೆದೊಡನೆ ತಾನೇ ಚಾಲೂ ಆಗುವ ಏರ್ಪಾಟು ಹಲವು ಮಾದರಿಗಳ ಬಯಾಸ್‌ನಲ್ಲಿದೆ.

ಇಷ್ಟು ಸುಲಭವಾದದ್ದು ದುಸ್ಸಾಧ್ಯವಾದದ್ದೇಕೆ? ಕೆಲವು ಮಾದರಿಗಳಲ್ಲಿ ಗುಂಡಿಗೆ ತನ್ನದೇ ಪುಟ್ಟ ಫಲಕವಿದ್ದು, ತಿರುಪು ಬಿಚ್ಚಿದರೆ ಹೊರಬರುತ್ತದೆ. ಇನ್ನು ಕೆಲವುದರಲ್ಲಿ ಅದು ಕೀಲಿಮಣೆಯ ಭಾಗ. ಕೀಲಿಮಣೆಯನ್ನೋ ಮೇಲ್ಕವಚಕ್ಕೆ ಶಾಶ್ವತವಾಗಿ ಜಡಿಯಲಾಗಿದೆ. ಗುಂಡಿಗಾಗಿ ಇಡೀ ಕವಚವನ್ನೇ ಕೊಳ್ಳಬೇಕು. ಮೂಗಿಗಿಂತ ಮೂಗುತಿ ಭಾರವಾಗುವುದು ಹೀಗೆ. ಬೆರಳಚ್ಚು ಓದುವ ಕೆಲವು ಗುಂಡಿಗಳನ್ನಂತೂ ಮುಖ್ಯ ಫಲಕದೊಂದಿಗೆ ತಂತ್ರಾಂಶದ ಮೂಲಕ ಗಂಟುಹಾಕಲಾಗಿದ್ದು, ಬದಲಿ ಗುಂಡಿ ಕೂರಿಸಿದರೂ ಬೆರಳಚ್ಚು ಕೆಲಸ ಮಾಡದು. ಇದು ನಿಸರ್ಗ ನಿಯಮವಲ್ಲ, ವಿನ್ಯಾಸಕಾರರ ಮೇಜಿನ ಮೇಲೆ ಆದ ತೀರ್ಮಾನ.

ಸುರಕ್ಷತೆಗಾಗಿ ಹೀಗೆ ಮಾಡಲಾಗಿದೆ ಎಂಬ ವಾದವಿದೆ. ಬೆರಳಚ್ಚಿನ ರಕ್ಷಣೆ ಬೇಕು, ನಿಜ; ಹಾಗಿದ್ದರೆ ಹೊಸ ಗುಂಡಿಯನ್ನು ನೋಂದಾಯಿಸುವ ತಂತ್ರಾಂಶವನ್ನು ದುರಸ್ತಿಗಾರರಿಗೂ ಕೊಡಲಿ. ಬ್ಯಾಟರಿ ಅಪಾಯಕಾರಿ ಎಂಬುದೂ ನಿಜ. ಅದು ಕೈಪಿಡಿಯನ್ನು ಪ್ರಕಟಿಸಲು ಕಾರಣವೇ ಹೊರತು ಬಚ್ಚಿಡಲು ಅಲ್ಲ.

ಕುದುರೆಮುಖದ ಅದಿರು ಗಣಿಗಾರಿಕೆ ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ನಿಂತಾಗ ಮಲೆನಾಡು ನಿಟ್ಟುಸಿರು ಬಿಟ್ಟಿತು. ಆದರೆ ಬ್ಯಾಟರಿಯ ಕೋಬಾಲ್ಟಿಗಾಗಿ ಕಾಂಗೋದ ನೆಲ ಬಗೆಯಲಾಗುತ್ತಿದೆ. ಲಿಥಿಯಂಗಾಗಿ ಚಿಲಿಯ ಅಟಕಾಮಾ ಮರುಭೂಮಿಯ ಉಪ್ಪುನೀರನ್ನು ಮೇಲೆತ್ತಲಾಗುತ್ತಿದೆ. ಲ್ಯಾಪ್‌ಟಾಪೊಂದು ತನ್ನ ಆಯುಷ್ಯದಲ್ಲಿ ಭೂಮಿಯ ಮೇಲೆ ಹೇರುವ ಇಂಗಾಲದ ಹೊರೆಯ ಬಹುಪಾಲು ತಯಾರಿಕೆಯ ಹಂತದ್ದು. ತಮ್ಮ ಬೆಟ್ಟದ ಗಣಿಯನ್ನು ವಿರೋಧಿಸಿ, ಸಣ್ಣ ದೋಷಕ್ಕೇ ಯಂತ್ರ ಬದಲಿಸುವ ಪರಿಸರವಾದಿಗಳು ಗಣಿಯನ್ನು ಪರರ ಬೆಟ್ಟಕ್ಕೆ ವರ್ಗಾಯಿಸುತ್ತಿದ್ದಾರೆ ಎಂಬ ಕಹಿಸತ್ಯವನ್ನು ಒಪ್ಪಲೇಬೇಕು.

ಇತ್ತ ಕಸದ ಕಥೆ. ವಿಶ್ವಸಂಸ್ಥೆಯ ಸಂಸ್ಥೆಗಳ ವರದಿಯಂತೆ 2022ರಲ್ಲಿ ಜಗತ್ತಿನಲ್ಲಿ ಹುಟ್ಟಿದ ವಿದ್ಯುನ್ಮಾನ ತ್ಯಾಜ್ಯ 6.2 ಕೋಟಿ ಟನ್. ಕ್ರಮಬದ್ಧವಾಗಿ ಸಂಗ್ರಹಗೊಂಡು ಮರುಸಂಸ್ಕರಣೆಯಾದದ್ದು ಶೇ. 22.3 ಮಾತ್ರ. ಉಳಿದುದರ ಗತಿಯೇನೆಂಬುದಕ್ಕೆ ಉತ್ತರ ಪ್ರದೇಶದ ಮೊರಾದಾಬಾದ್ ಸಾಕ್ಷಿ. ಅಲ್ಲಿ ಲೋಹಕ್ಕಾಗಿ ಸರ್ಕಿಟ್ ಫಲಕಗಳನ್ನು ಸುಟ್ಟ ಬೂದಿ ರಾಮಗಂಗಾ ನದಿಯ ದಂಡೆಯನ್ನು ವಿಷಮಯಗೊಳಿಸಿತು.

2023ರ ಏಪ್ರಿಲ್‌ನಿಂದ ಜಾರಿಗೆ ಬಂದ ಭಾರತದ ಇ-ತ್ಯಾಜ್ಯ ನಿಯಮಗಳು ತಯಾರಕರಿಗೆ ಮರುಸಂಸ್ಕರಣೆಯ ಗುರಿಯನ್ನು ಶೇ. 60ರಿಂದ ಆರಂಭಿಸಿ ಹಂತಹಂತವಾಗಿ ಶೇ. 80ಕ್ಕೆ ಏರಿಸುತ್ತವೆ. ಒಡೆದು ಕರಗಿಸುವುದಕ್ಕೆ ಅಂಕಿಯುಂಟು, ಒಡೆಯದಂತೆ ಉಳಿಸುವುದಕ್ಕೆ ಅಂಥ ಗುರಿಯಿಲ್ಲ! 2022ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ 'ದುರಸ್ತಿಯ ಹಕ್ಕು' ಜಾಲತಾಣವನ್ನೇನೋ ತೆರೆಯಿತು. ಆದರೆ ಜಾಲತಾಣ ಕಾನೂನಲ್ಲ. ಫ್ರಾನ್ಸ್ 2021ರಿಂದಲೇ ಲ್ಯಾಪ್‌ಟಾಪುಗಳ ದುರಸ್ತಿಯೋಗ್ಯತೆಗೆ ಹತ್ತಕ್ಕೆ ಇಂತಿಷ್ಟೆಂದು ಅಂಕ ನಮೂದಿಸುವುದನ್ನು ಕಡ್ಡಾಯಗೊಳಿಸಿತು. ಕೈಪಿಡಿ ಸಿಗುತ್ತದೆಯೇ, ಸುಲಭವಾಗಿ ಬಿಚ್ಚಬಹುದೇ, ಬಿಡಿಭಾಗದ ಬೆಲೆಯೆಷ್ಟು ಎಂಬುವೇ ಅಲ್ಲಿನ ಅಳತೆಗೋಲು.

ಬಿಡಿಭಾಗ, ಕೈಪಿಡಿ ಮತ್ತು ತಂತ್ರಾಂಶ ತಾಲ್ಲೂಕು ಪೇಟೆಯ ದುರಸ್ತಿಗಾರನಿಗೂ ನ್ಯಾಯವಾದ ಬೆಲೆಗೆ ದಕ್ಕಬೇಕು. ಸಹಕಾರ ಸಂಘಗಳೂ ಶಾಲೆಗಳೂ ಯಂತ್ರ ಖರೀದಿಸುವಾಗ ಬೆಲೆಯ ಜೊತೆಗೆ "ಇದರ ಗುಂಡಿ ಕೆಟ್ಟರೆ ಬಿಚ್ಚಲಾಗುವುದೇ?" ಎಂದು ಕೇಳಬೇಕು. ಈ ಪ್ರಶ್ನೆಯನ್ನು ಸಾವಿರ ಜನ ಕೇಳಿದರೆ ವಿನ್ಯಾಸಕಾರರ ಮೇಜಿಗೂ ಅದು ತಲುಪೀತು.

ಕುಲುಮೆಗಳು ಆರಿದ ಊರುಗಳಲ್ಲಿ ಕತ್ತಿಗಳೂ ಪೇಟೆಯಿಂದಲೇ ಬರುತ್ತವೆ. ಬೆಸುಗೆ ಕಡ್ಡಿ ಹಿಡಿದು ಕುಳಿತ ಮೂಲೆಯಂಗಡಿಯವನೇ ಈ ಕಾಲದ ಕಮ್ಮಾರ. ಅವನ ಕೈಗೆ ಕೆಲಸವಿಲ್ಲವಾದ ದಿನ, ಊರಿನ ಯಂತ್ರಗಳ ಆಯುಷ್ಯವನ್ನು ದೂರದ ಕಂಪನಿಗಳೇ ನಿರ್ಧರಿಸುತ್ತವೆ.