ಹೆಲಿಕಾಪ್ಟರಿನ ಬಂದೂಕು ಯಾರನ್ನು ಕಾಯಿತು?

ಬಾಗಿಲಿಗೊಂದು ಮಷಿನ್‌ಗನ್ ಕಟ್ಟಿದರೆ ಸೈನಿಕರನ್ನು ಹೊತ್ತ ಹೆಲಿಕಾಪ್ಟರು ಕ್ಷೇಮವೇ? 1963ರ ಜನವರಿ 2ರಂದು ದಕ್ಷಿಣ ವಿಯೆಟ್ನಾಮಿನ ಆಪ್ ಬಾಕ್ ಹಳ್ಳಿ ಉತ್ತರ ಕೊಟ್ಟಿತು. ಸೈನಿಕರನ್ನು ಗದ್ದೆಗಿಳಿಸಲು ಮತ್ತು ಅವರ ಕಾವಲಿಗೆಂದು ಬಂದ 15 ಅಮೆರಿಕನ್ ಹೆಲಿಕಾಪ್ಟರುಗಳಲ್ಲಿ 14ಕ್ಕೆ ಗುಂಡು ತಗುಲಿತು, 5 ನೆಲಕ್ಕುರುಳಿದವು. ಗೆರಿಲ್ಲಾಗಳು ಅವಕ್ಕೆ ಗುಂಡಿಟ್ಟದ್ದು ರೈಫಲು, ಮಷಿನ್‌ಗನ್ನುಗಳಿಂದ!

ಯಂತ್ರ ಬಲ್ಲ ಕಾರ್ಮಿಕ ಬಂಧುಗಳಿಗೆ ಇದರ ಗುಟ್ಟು ಹೇಳಬೇಕಾಗಿಲ್ಲ. ಇಳಿಯುವಾಗ ವೇಗ ತಗ್ಗಿಸಲೇಬೇಕು. ಮೈಯೋ ತೆಳು ತಗಡು. ಉಕ್ಕು ಹೊದಿಸಿದಷ್ಟೂ ಹೊರುವ ಆಳು ಕಡಿಮೆ.

ಆದರೂ ಯುದ್ಧ ನಿಲ್ಲಲಿಲ್ಲ. 1975ರಲ್ಲಿ ಅದು ಮುಗಿಯುವ ಹೊತ್ತಿಗೆ 5 ಸಾವಿರ ಹೆಲಿಕಾಪ್ಟರುಗಳು ನಾಶವಾಗಿದ್ದವು. ಉರುಳಿದ ಯಂತ್ರದ ಜಾಗಕ್ಕೆ ಹೊಸದು ಬಂತು. ಬಂಡವಾಳಗಾರನಿಗೆ ಲಾಭ ಬಂತು. ಸತ್ತ ಬಡವರ ಮಕ್ಕಳು ಬರಲಿಲ್ಲ. ಅವರನ್ನು ಪರರ ಗದ್ದೆಗೆ ನೂಕುವ ಯುದ್ಧನೀತಿಯನ್ನು ಧಿಕ್ಕರಿಸಿರಿ!