ಕುರ್ಚಿ ಇದ್ರೆ ಮಾತು ಅಂತೀರಿ, ಕುರ್ಚಿ ಕೊಡೋರು ಯಾರು?



"ವಿಶ್ವವಿದ್ಯಾಲಯ ಸ್ವಾಯತ್ತ ಸಂಸ್ಥೆ, ಅಲ್ಲಿ ಮೇಷ್ಟ್ರುಗಳೇ ಕೂತು ತೀರ್ಮಾನ ಮಾಡ್ತಾರೆ" ಅನ್ನೋ ಮಾತನ್ನ ಎಲ್ಲರೂ ಕೇಳಿದ್ದೇವೆ. ಕುಲಪತಿ ನೇಮಕ ರಾಜ್ಯಪಾಲರ ಕೈಲಿರಬೇಕೋ ಸರ್ಕಾರದ ಕೈಲಿರಬೇಕೋ ಅನ್ನೋ ಜಗಳದಲ್ಲೂ ಇದೇ ಮಾತು. ನನ್ನ ಪ್ರಶ್ನೆ ಬೇರೆ. ಹಾಗೆ ಕೂರೋ ಮೇಷ್ಟ್ರುಗಳಲ್ಲಿ ನಮ್ಮೋರು ಎಷ್ಟು ಜನ?

ಸ್ವಲ್ಪ ಇತಿಹಾಸ ನೋಡಿ. 1857ರಲ್ಲಿ ಕಲ್ಕತ್ತಾ, ಬಾಂಬೆ, ಮದ್ರಾಸ್ ವಿಶ್ವವಿದ್ಯಾಲಯಗಳು ಶುರುವಾದಾಗ ಸೆನೆಟ್ ತುಂಬಾ ಸರ್ಕಾರ ಆರಿಸಿದ ಗಣ್ಯರು. 1904ರ ಕರ್ಜನ್ ಕಾಲದ ಕಾಯ್ದೆಯಲ್ಲಿ ಸಿಂಡಿಕೇಟ್‌ಗೆ ಕಾನೂನಿನ ಮಾನ್ಯತೆ ಸಿಕ್ಕಿತು, ಸೆನೆಟ್‌ನ ಬಹುಪಾಲು ಸೀಟು ಮಾತ್ರ ನಾಮಕರಣದ್ದೇ ಆಗಿ ಉಳಿಯಿತು. 1917–19ರ ಸ್ಯಾಡ್ಲರ್ ಆಯೋಗ, ಪಾಠ ಪರೀಕ್ಷೆಗಳ ವಿಷಯಕ್ಕೆ ಬೋಧಕರ ಅಕಾಡೆಮಿಕ್ ಕೌನ್ಸಿಲ್ ಇರಲಿ ಅಂತು. ಇವತ್ತಿನ ವ್ಯವಸ್ಥೆಯ ಬೇರು ಅದು.

ಇದರಲ್ಲಿ ನಾವೆಲ್ಲಿ? ಆ ಪ್ರಶ್ನೆ ಎತ್ತಿದವರು ಬಾಬಾಸಾಹೇಬರು. 1927ರಲ್ಲಿ ಬಾಂಬೆ ಶಾಸನ ಪರಿಷತ್ತಿನಲ್ಲಿ ವಿಶ್ವವಿದ್ಯಾಲಯ ಕಾಯ್ದೆ ತಿದ್ದುಪಡಿ ಚರ್ಚೆಗೆ ಬಂದಾಗ, ಸೆನೆಟ್‌ನಲ್ಲಿ ಹಿಂದುಳಿದ ವರ್ಗಗಳಿಗೆ ಪ್ರಾತಿನಿಧ್ಯ ಬೇಕು ಅಂತ ವಾದ ಮಾಡಿದರು. ಕಾಲೇಜಿನ ಬಾಗಿಲು ತೆರೆದರಷ್ಟೇ ಸಾಲದು, ತೀರ್ಮಾನ ಮಾಡೋ ಮೇಜಿನ ಮುಂದೂ ಜಾಗ ಬೇಕು ಅಂತ ಅವರಿಗೆ ಗೊತ್ತಿತ್ತು.

ಈಗ ಅಕಾಡೆಮಿಕ್ ಕೌನ್ಸಿಲ್‌ಗೆ ಬಹುತೇಕ ಬರೋರು ಡೀನ್‌ಗಳು, ವಿಭಾಗಗಳ ಮುಖ್ಯಸ್ಥರು, ಪ್ರಾಂಶುಪಾಲರು. ಎಲ್ಲಾ ಹುದ್ದೆಯ ಬಲದಿಂದ. ಜಾತಿ ಎಲ್ಲಿದೆ ತೋರ್ಸಿ ಅಂತಾರೆ. ಜಾತಿ ಇರೋದು ಅದರ ಹಿಂದಿನ ಮೆಟ್ಟಿಲಲ್ಲಿ. ಹುದ್ದೆ ತುಂಬದಿದ್ದರೆ ಪ್ರಾಧ್ಯಾಪಕರಿಲ್ಲ, ಪ್ರಾಧ್ಯಾಪಕರಿಲ್ಲದೆ ಡೀನ್ ಇಲ್ಲ, ಡೀನ್ ಇಲ್ಲದೆ ಮಾತಿಲ್ಲ.

13 ಪಾಯಿಂಟ್ ರೋಸ್ಟರ್ ನೆನಪಿದೆಯಾ? ಅಲಹಾಬಾದ್ ಹೈಕೋರ್ಟ್ ತೀರ್ಪಿನ ಮೇಲೆ 2018ರ ಮಾರ್ಚ್‌ನಲ್ಲಿ ಯುಜಿಸಿ, ಇಡೀ ವಿಶ್ವವಿದ್ಯಾಲಯ ಬಿಟ್ಟು ಒಂದೊಂದು ವಿಭಾಗವನ್ನೇ ಘಟಕ ಮಾಡಿತು. ಎಸ್‌ಸಿಗೆ 7ನೇ ಹುದ್ದೆ, ಎಸ್‌ಟಿಗೆ 14ನೇ ಹುದ್ದೆ. ಆರು ಹುದ್ದೆಯ ವಿಭಾಗದಲ್ಲಿ ನಮ್ಮ ಸರದಿ ಬರೋದು ಯಾವಾಗ? ಬೀದಿಗಿಳಿದು ಹೋರಾಡಿದ ಮೇಲೆ 2019ರಲ್ಲಿ ಸುಗ್ರೀವಾಜ್ಞೆ ಬಂತು, ಆಮೇಲೆ ಕೇಂದ್ರೀಯ ಸಂಸ್ಥೆಗಳಿಗೆ ಕಾಯ್ದೆಯೇ ಆಯಿತು.

ಇನ್ನು ಹೈದರಾಬಾದ್. ಐವರು ದಲಿತ ವಿದ್ಯಾರ್ಥಿಗಳನ್ನ ಹಾಸ್ಟೆಲ್‌ನಿಂದ ಹೊರಹಾಕಿದ ಕ್ರಮದ ಹಿಂದೆ ಕಾರ್ಯಕಾರಿ ಮಂಡಳಿಯ ಉಪಸಮಿತಿ ಇತ್ತು. 2016ರ ಜನವರಿ 17ರಂದು ರೋಹಿತ್ ವೇಮುಲ ನಮ್ಮನ್ನ ಅಗಲಿದರು. ಸಮಿತಿಯಲ್ಲಿ ದಲಿತ ಪ್ರಾಧ್ಯಾಪಕರೇ ಇದ್ದರಲ್ಲ ಅಂತ ಕೇಂದ್ರ ಸಚಿವರು ಅವರನ್ನೇ ಗುರಾಣಿ ಮಾಡಿಕೊಂಡರು. ಅಲ್ಲಿನ ಎಸ್‌ಸಿ, ಎಸ್‌ಟಿ ಬೋಧಕರು ಸುಮ್ಮನಿರಲಿಲ್ಲ. ಸಮಿತಿಯ ಮುಖ್ಯಸ್ಥರು ಮೇಲ್ಜಾತಿಯವರು, ಆ ಡೀನ್ ಹುದ್ದೆಯ ಕಾರಣಕ್ಕೆ ಸೇರಿಸಿಕೊಂಡವರು ಅಂತ ಹೇಳಿ, ತಮ್ಮ ಆಡಳಿತ ಹುದ್ದೆಗಳನ್ನೇ ಬಿಟ್ಟು ಹೊರಬಂದರು. ಒಬ್ಬರನ್ನ ಕೂರಿಸಿದರೆ ಅದು ಪ್ರಾತಿನಿಧ್ಯ ಅಲ್ಲ, ಫೋಟೊ.

ನಾನು ಆಫೀಸ್ ಗುಮಾಸ್ತ, ನಡಾವಳಿ ಭಾಷೆ ನನಗೆ ಗೊತ್ತು. "ಚರ್ಚಿಸಿ ಅನುಮೋದಿಸಲಾಯಿತು" ಅನ್ನೋ ಎರಡೇ ಪದದಲ್ಲಿ ಎಷ್ಟು ಜನರ ವಿರೋಧವನ್ನಾದರೂ ಹೂತು ಹಾಕಬಹುದು.

ಅದಕ್ಕೇ ನಮ್ಮ ಬೇಡಿಕೆ ಸ್ಪಷ್ಟ ಇರಲಿ. ಬೋಧಕರ ಪ್ರತಿ ಮಂಡಳಿ, ಉಪಸಮಿತಿಯಲ್ಲಿ ಎಸ್‌ಸಿ, ಎಸ್‌ಟಿ ಬೋಧಕರಿಗೆ ಹುದ್ದೆಯ ಹಂಗಿಲ್ಲದ ಸ್ಥಾನ, ಒಂದಲ್ಲ, ಕನಿಷ್ಠ ಎರಡು. ಭಿನ್ನಾಭಿಪ್ರಾಯ ಹೆಸರು ಸಮೇತ ದಾಖಲಾಗಬೇಕು. ನಡಾವಳಿ ಸಾರ್ವಜನಿಕವಾಗಬೇಕು. ಬ್ಯಾಕ್‌ಲಾಗ್ ಹುದ್ದೆ ತುಂಬಲೇಬೇಕು.

ನಿಮ್ಮ ವಿಶ್ವವಿದ್ಯಾಲಯದ ಅಕಾಡೆಮಿಕ್ ಕೌನ್ಸಿಲ್ ಸದಸ್ಯರ ಪಟ್ಟಿಗೆ ಇವತ್ತೇ ಒಂದು ಆರ್‌ಟಿಐ ಹಾಕಿ. ಲೆಕ್ಕ ಕೇಳೋದ್ರಿಂದಲೇ ಶುರುವಾಗಲಿ.

ಜೈ ಭೀಮ್.