ಯಂತ್ರ ಬಂತು ಸರಿ, ಚಿಲ್ಲರೆ ಎಲ್ಲಿ ಸ್ವಾಮಿ?

ಕೆ.ಎಸ್.ಆರ್.ಟಿ.ಸಿ. ಬಸ್ಸುಗಳಲ್ಲಿ ಫೋನಿನಿಂದಲೇ ಟಿಕೆಟ್ ಹಣ ಕೊಡುವ ಏರ್ಪಾಟು 2024ರ ನವೆಂಬರಿನಲ್ಲಿ ಬಂತು. ಕಂಡಕ್ಟರ್ ಕೈಲಿರುವ ಯಂತ್ರದ ಮೇಲೆ ಕ್ಯೂಆರ್ ಕೋಡ್ ಮೂಡುತ್ತದೆ. ಫೋನ್ ಹಿಡಿದರೆ ಆಯ್ತು, ದುಡ್ಡು ಹೋಗುತ್ತದೆ, ಟಿಕೆಟ್ ಬರುತ್ತದೆ. ಒಳ್ಳೆಯ ಕೆಲಸ. ಹಾಸನಕ್ಕೆ ದಿನಾ ಓಡಾಡುವ ನೌಕರರಿಗೆ, ಕಾಲೇಜು ಹುಡುಗರಿಗೆ ದೊಡ್ಡ ತಲೆನೋವು ಕಳೆದಂತಾಗಿದೆ.

ಆದರೆ ಸಕಲೇಶಪುರ ತಾಲ್ಲೂಕೆಂದರೆ ಬರೀ ಹೆದ್ದಾರಿಯಲ್ಲ. ಹೆತ್ತೂರು, ಯಸಳೂರು ದಾಟಿ ಬಿಸಿಲೆ ಕಾಡಿನ ಕಡೆ ಬಸ್ಸು ತಿರುಗಿತೆಂದರೆ ಫೋನಿನಲ್ಲಿ ಟವರೇ ಇರುವುದಿಲ್ಲ. ಮಳೆಗಾಲದಲ್ಲಿ ಕರೆಂಟು ಹೋದರಂತೂ ಕೇಳುವುದೇ ಬೇಡ. ಪ್ರಯಾಣಿಕನ ಖಾತೆಯಿಂದ ಹಣ ಕಡಿತವಾಗಿ, ಯಂತ್ರಕ್ಕೆ ಮಾತ್ರ ಸುದ್ದಿ ಮುಟ್ಟದಿದ್ದರೆ ಟಿಕೆಟ್ ಕೊಡುವವರು ಯಾರು? ಕಂಡಕ್ಟರನ್ನು ಬೈದು ಫಲವಿಲ್ಲ. ಚೆಕಿಂಗ್ ಬಂದರೆ ಲೆಕ್ಕ ಒಪ್ಪಿಸಬೇಕಾದವರು ಅವರೇ.

ಇನ್ನು ಫೋನೇ ಇಲ್ಲದವರ ಮಾತು. ತೋಟದ ಕೆಲಸಕ್ಕೆ ಹೋಗುವ ಆಳುಗಳು, ಆಲೂರಿಗೆ ಔಷಧಿಗೆ ಬರುವ ಮುದುಕರು ನೋಟು ಹಿಡಿದೇ ಬಸ್ಸು ಹತ್ತುತ್ತಾರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಶೂನ್ಯ ಟಿಕೆಟ್. ಅವರಿಗೆ ಚಿಲ್ಲರೆ ಜಗಳ ತಪ್ಪಿತು. ಉಳಿದವರಲ್ಲಿ ಫೋನುಳ್ಳವರು ಯಂತ್ರಕ್ಕೆ ಕೊಟ್ಟರು. ಹೀಗಾಗಿ ಕಂಡಕ್ಟರ್ ಚೀಲಕ್ಕೆ ಬೀಳುವ ನಾಣ್ಯವೇ ಕಮ್ಮಿ. ಸಾಲದ್ದಕ್ಕೆ 2025ರ ಜನವರಿ 5ರಿಂದ ಶೇ. 15 ದರ ಏರಿಕೆ ಬೇರೆ. ನೂರರ ನೋಟು ಕೊಟ್ಟ ಮುದುಕನಿಗೆ ಸಿಗುವುದು ಟಿಕೆಟ್ಟಿನ ಬೆನ್ನಿಗೆ ಪೆನ್ನಿನಲ್ಲಿ ಗೀಚಿದ ಬಾಕಿ. "ಇಳಿಯೋವಾಗ ಇಸ್ಕೊಳ್ಳಿ" ಅನ್ನುತ್ತಾರೆ. ಇಳಿಯುವ ಗಡಿಬಿಡಿಯಲ್ಲಿ ಎಷ್ಟು ಜನ ಮರೆತಿದ್ದಾರೋ!

ವರ್ತಕ ಬಂಧುಗಳೂ ಸ್ವಲ್ಪ ಕೇಳಿಸಿಕೊಳ್ಳಬೇಕು. ಹತ್ತು ರೂಪಾಯಿ ನಾಣ್ಯ ನಡೆಯಲ್ಲ ಎಂದು ವಾಪಸು ತಳ್ಳುವ ಅಂಗಡಿಗಳು ಇವತ್ತಿಗೂ ಇವೆ. ಹದಿನಾಲ್ಕು ನಮೂನೆಯ ನಾಣ್ಯಗಳೂ ಚಲಾವಣೆಯಲ್ಲಿವೆ ಎಂದು ರಿಸರ್ವ್ ಬ್ಯಾಂಕು 2018ರಲ್ಲೇ ಸಾರಿ ಹೇಳಿದೆ. ಅಂಗಡಿಯವರು ಬೇಡವೆಂದ ನಾಣ್ಯವನ್ನು ಪ್ರಯಾಣಿಕ ಕಂಡಕ್ಟರಿಂದ ತಾನೇ ಯಾಕೆ ಇಸ್ಕೊಂಡಾನು?

ರೈಲಿನವರ ಯಂತ್ರದ ಕಥೆ ಇನ್ನೊಂದು. ದೊಡ್ಡ ನಿಲ್ದಾಣಗಳಲ್ಲಿ ಕೌಂಟರಿನ ಪಕ್ಕ ನಿಲ್ಲಿಸಿರುವ ಟಿಕೆಟ್ ಯಂತ್ರಗಳು ಸಾಮಾನ್ಯವಾಗಿ ಕೇಳುವುದು ಸ್ಮಾರ್ಟ್ ಕಾರ್ಡ್ ಇಲ್ಲವೇ ಯುಪಿಐ. ಒತ್ತಲು ಜನ ತಡಕಾಡುತ್ತಾರೆಂದು ನಿವೃತ್ತ ರೈಲ್ವೆ ನೌಕರರನ್ನು ಕಮಿಷನ್ ಮೇಲೆ ಪಕ್ಕದಲ್ಲಿ ಕೂರಿಸಿದ್ದೂ ಉಂಟು. ಯಂತ್ರಕ್ಕೂ ಒಬ್ಬ ಮನುಷ್ಯ ಬೇಕಾಯಿತು! ಮಲೆನಾಡಿನ ನಿಲ್ದಾಣಗಳಿಗೆ ಇಂಥ ಯಂತ್ರ ಬರುವುದಾದರೆ ಧಾರಾಳವಾಗಿ ಬರಲಿ, ನಗದು ಕೌಂಟರಿನ ಕಿಟಕಿ ಮಾತ್ರ ಮುಚ್ಚಬಾರದು.

ಬಸ್ಸಿನಲ್ಲಿ "ಸರಿಯಾದ ಚಿಲ್ಲರೆ ಕೊಟ್ಟು ಸಹಕರಿಸಿ" ಎಂದು ಬರೆಸುವ ನಿಗಮ, ಕಂಡಕ್ಟರ್ ಡ್ಯೂಟಿಗೆ ಹೊರಡುವ ಮುಂಚೆ ಡಿಪೋದಲ್ಲೇ ಒಂದಿಷ್ಟು ನಾಣ್ಯ ಕೊಟ್ಟು ಕಳಿಸಲಿ. ಬಾಕಿ ಬರೆದ ಟಿಕೆಟ್ ತೋರಿಸಿದವರಿಗೆ ಸಕಲೇಶಪುರ, ಆಲೂರು ಬಸ್ ನಿಲ್ದಾಣಗಳಲ್ಲೇ ಹಣ ಕೊಡಲಿ. ಮಳೆಗಾಲ ಹಿಡಿಯುವ ಮೊದಲೇ ಇದು ಆಗಬೇಕು.